ಅಕ್ಕನ ಸಾವು, ಅಪ್ಪನ ಮೃತ್ಯುಪತ್ರ: ಹಾವೇರಿ ಕಡೆಯ ಸಸ್ಪೆನ್ಸ್ ಕಾದಂಬರಿಯ ಗಂಟು ಎಲ್ಲಿ ಸಡಿಲವಾಗಿದೆ?

ಹಸ್ತಪ್ರತಿ_03:

ಎರಡನೇ ಕರಡು ಮುಗಿದಿದೆ. 34 ಅಧ್ಯಾಯ, ಸುಮಾರು 62,000 ಪದ. ಕಥೆ ಓಡುತ್ತದೆ, ಆದರೆ ಕಾನೂನು ಮತ್ತು ಶವಪರೀಕ್ಷೆಯ ಜಾಗಗಳಲ್ಲಿ ತೂತುಗಳಿವೆ ಎಂಬ ಅನುಮಾನ. ಬಲ್ಲವರು ಕುಟ್ಟಿ ನೋಡಿ.

ಬ್ಯಾಡಗಿ ತಾಲ್ಲೂಕಿನ ಹಳ್ಳಿ, ಲಿಂಗಾಯತ ಮನೆತನ. ಅಪ್ಪ 1978ರಲ್ಲಿ ಸ್ವಂತ ದುಡಿಮೆಯಿಂದ 6 ಎಕರೆ ಕೊಂಡಿದ್ದಾನೆ. ಇಬ್ಬರೇ ಹೆಣ್ಣುಮಕ್ಕಳು, ಗಿರಿಜಾ ಮತ್ತು ಸುಮಾ, ನಡುವೆ 12 ವರ್ಷದ ಅಂತರ. 1997ರ ಮೇನಲ್ಲಿ ಗಿರಿಜಾಳನ್ನು ಸೋದರಮಾವನಿಗೇ, ಅಂದರೆ ಅವ್ವನ ಒಡಹುಟ್ಟಿದ ತಮ್ಮನಿಗೆ, ಕೊಟ್ಟು ಮದುವೆ. 1999ರಲ್ಲಿ ಅಪ್ಪ ತೀರಿಕೊಳ್ಳುತ್ತಾನೆ. 2003ರ ಆಗಸ್ಟಿನಲ್ಲಿ ಗಿರಿಜಾ ಹೊಲದ ಬಾವಿಯಲ್ಲಿ ಹೆಣವಾಗಿ ಸಿಗುತ್ತಾಳೆ. ಮಕ್ಕಳಿಲ್ಲ. ಯುಡಿಆರ್ (ಅಸಹಜ ಸಾವಿನ ವರದಿ) ಆಗಿ "ಕಾಲು ಜಾರಿ ಬಿದ್ದು ಸಾವು" ಎಂದು ಕಡತ ಮುಚ್ಚುತ್ತದೆ. 2024ರಲ್ಲಿ ಅವ್ವನೂ ಹೋಗುತ್ತಾಳೆ. ಟ್ರಂಕಿನಲ್ಲಿ ಅವಳ ಪತ್ರ ಸುಮಾಳ ಕೈಗೆ ಸಿಗುತ್ತದೆ. ಜಮೀನೆಲ್ಲ ಮಾಮಾನ ಹೆಸರಿನಲ್ಲಿದೆ, 1995ರದ್ದೆಂದು ಹೇಳುವ ಅಪ್ಪನ ಉಯಿಲಿನ ಬಲದಿಂದ. ಉಯಿಲು ಖೋಟಾ.

ಕೇಳಬೇಕಾದದ್ದು ನಾಲ್ಕು. ಮಾಮಾ ಆಸ್ತಿಗಾಗಿ ಗಿರಿಜಾಳನ್ನು ಕೊಂದ ಎಂಬ ಕಾರಣ ಗಟ್ಟಿಯಾಗಿದೆಯೇ? 22 ವರ್ಷದ ಮೇಲೆ ಕೇಸು ತೆರೆಯಬಹುದೇ, ಹೆಣ ಏನಾದರೂ ಹೇಳುತ್ತದೆಯೇ? ಪತ್ರವನ್ನು ಕೋರ್ಟಿನಲ್ಲಿ ಓದುವುದೇ ಕ್ಲೈಮ್ಯಾಕ್ಸ್, ಅದು ನಡೆಯುತ್ತದೆಯೇ? ಇನ್ನೊಂದು, ಉಯಿಲಿನಲ್ಲಿ "ಹಾವೇರಿ ಜಿಲ್ಲೆ" ಎಂದಿದೆ, ಆ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ, ಇದೇ ಸುಳಿವು. ಕರಡು ಓದಿದ ಇಬ್ಬರು ಆರನೇ ಅಧ್ಯಾಯದಲ್ಲೇ ಹಿಡಿದುಬಿಟ್ಟರು.

ಕಡತದಹುಳು:

ಮೊದಲು ಕೊಲೆಯ ಕಾರಣ ಸರಿಮಾಡಿಕೊಳ್ಳಿ. ಈಗಿರುವಂತೆ ಅದು ಕಾನೂನಿನಲ್ಲಿ ನಿಲ್ಲುವುದಿಲ್ಲ, ಆದರೆ ಆ ತಪ್ಪೇ ನಿಮಗೆ ಒಳ್ಳೆಯ ತಿರುವು ಕೊಡುತ್ತದೆ.

ಅಪ್ಪ ಉಯಿಲಿಲ್ಲದೆ ಸತ್ತರೆ ಸ್ವಯಾರ್ಜಿತ 6 ಎಕರೆ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳಿಗೆ ಸಮಪಾಲು, ತಲಾ 2 ಎಕರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 15(2) ಏನು ಹೇಳುತ್ತದೆ ನೋಡಿ: ಹೆಣ್ಣುಮಗಳೊಬ್ಬಳು ತಂದೆ ಅಥವಾ ತಾಯಿಯಿಂದ ವಾರಸಾಗಿ ಪಡೆದ ಆಸ್ತಿ, ಅವಳು ಮಕ್ಕಳಿಲ್ಲದೆ ತೀರಿಕೊಂಡರೆ, ಗಂಡನಿಗೆ ಹೋಗುವುದಿಲ್ಲ. ತಂದೆಯ ವಾರಸುದಾರರಿಗೆ ಮರಳುತ್ತದೆ. ಹಾಗಾಗಿ ಗಿರಿಜಾಳ 2 ಎಕರೆ ಅವ್ವನಿಗೂ ಸುಮಾಳಿಗೂ ಒಂದೊಂದು ಎಕರೆಯಂತೆ ಹೋಗಬೇಕು. ಮಾಮಾನಿಗೆ ಒಂದು ಗುಂಟೆಯೂ ಇಲ್ಲ.

ಆ ಕಲಮಿನಲ್ಲಿರುವ ಮಾತು "ವಾರಸಾಗಿ" ಎಂಬುದು. ಅದೇ ಜಮೀನು ಉಯಿಲಿನಿಂದಲೋ ದಾನಪತ್ರದಿಂದಲೋ ಅವಳಿಗೆ ಬಂದಿದ್ದರೆ 15(2) ಅನ್ವಯಿಸುವುದಿಲ್ಲ. ಆಗ 15(1), ಮಕ್ಕಳಿಲ್ಲದಿದ್ದರೆ ಗಂಡನೇ ಮೊದಲ ಸಾಲಿನವನು. ಅಪ್ಪ ಆರೂ ಎಕರೆ ಗಿರಿಜಾಳಿಗೆ ಬರೆದಿಟ್ಟಿದ್ದ ಎಂದು ತೋರಿಸಿದರೆ ಆರೂ ಎಕರೆ ಮಾಮಾನದು. ಒಂದು ಹಾಳೆಯ ಮೇಲೆ ಸೊನ್ನೆ ಎಕರೆ ಆರಾಗುತ್ತದೆ.

ಆದ್ದರಿಂದ ಘಟನೆಗಳ ಸರದಿ ಬದಲಿಸಿ. 1999ರಲ್ಲಿ ಪೌತಿ ಖಾತೆಯಾಗಿ (ಸತ್ತವನ ಜಮೀನು ವಾರಸುದಾರರ ಹೆಸರಿಗಾಗಿ) ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಮೂವರ ಹೆಸರೂ ಬರಲಿ. 2003ರಲ್ಲಿ ಅವನು ಕೊಲ್ಲುವುದು ಹೆಂಡತಿಯ ಪಾಲು ತನಗೆ ಬರುತ್ತದೆಂಬ ನಂಬಿಕೆಯಿಂದ, ಅಥವಾ ಬೇರಾವುದೋ ಸಿಟ್ಟಿನಿಂದ. ಖಾತೆ ಬದಲಿಸಲು ಹೋದಾಗ ಬಾಂಡ್ ಬರೆಯುವವನ ಬಾಯಿಂದ ಗೊತ್ತಾಗಲಿ, ಒಂದು ಗುಂಟೆಯೂ ಬರುವುದಿಲ್ಲವೆಂದು. ಆಮೇಲೆ, 2004ರಲ್ಲಿ, ಉಯಿಲು ಹುಟ್ಟಲಿ. ಕೊಲೆ ಮೊದಲು, ಖೋಟಾ ನಂತರ. ಈಗ ನೀವು ಬರೆದಿರುವ, ಎಲ್ಲ ಲೆಕ್ಕ ಹಾಕಿ ಕೊಂದ ಜಾಣನಿಗಿಂತ ಕಾನೂನು ತಪ್ಪು ತಿಳಿದು ಕೊಂದವನು ಹೆಚ್ಚು ಭಯ ಹುಟ್ಟಿಸುತ್ತಾನೆ. ಇದು ನನ್ನ ಅಭಿಪ್ರಾಯ, ತಳ್ಳಿಹಾಕಿ ಬೇಕಿದ್ದರೆ.

ಆಸ್ತಿ ಸ್ವಯಾರ್ಜಿತವಾಗಿಯೇ ಇರಲಿ. ಪಿತ್ರಾರ್ಜಿತ ಮಾಡಿದರೆ ಕರ್ನಾಟಕದ 1994ರ ತಿದ್ದುಪಡಿ ತಲೆಹಾಕುತ್ತದೆ. ಆಗ ಮದುವೆಯಾಗಿರದ ಹೆಣ್ಣುಮಕ್ಕಳು ಹುಟ್ಟಿನಿಂದಲೇ ಪಾಲುದಾರರು, ಗಿರಿಜಾಳ ಮದುವೆ 1997ರದ್ದಾದ್ದರಿಂದ ಅವಳೂ. ಅದರ ಮೇಲೆ 2005ರ ಕೇಂದ್ರದ ತಿದ್ದುಪಡಿ, 2020ರ ಸುಪ್ರೀಂ ಕೋರ್ಟ್ ತೀರ್ಪು. ಹುಟ್ಟಿನಿಂದ ಬಂದ ಪಾಲು "ತಂದೆಯಿಂದ ವಾರಸಾಗಿ" ಬಂದದ್ದೇ ಎಂಬ ವಾದಕ್ಕೇ ಮೂರು ಅಧ್ಯಾಯ ಬೇಕು.

ಇನ್ನು ಉಯಿಲು. ಹಾವೇರಿ, ಧಾರವಾಡ ಕಡೆ ಬಾಂಡ್ ಬರೆಯುವವರು ತಲೆಬರಹದಲ್ಲಿ ಸಾಮಾನ್ಯವಾಗಿ "ಮೃತ್ಯುಪತ್ರ" ಎಂದೇ ಹಾಕುತ್ತಾರೆ, ಮಾತಿನಲ್ಲೂ ಹಾಗೆಯೇ. ನಿಮ್ಮ ಹಳ್ಳಿಯವರೆಲ್ಲ "ಉಯಿಲು" ಅನ್ನುತ್ತಿರುವುದು ಬೆಂಗಳೂರಿನ ಲೇಖಕರ ವಾಸನೆ. ಛಾಪಾ ಕಾಗದದ ಮೇಲೆ ಬರೆಸಿದ್ದೀರಿ, ಅದರ ಅಗತ್ಯವಿಲ್ಲ. ಮೃತ್ಯುಪತ್ರಕ್ಕೆ ಮುದ್ರಾಂಕ ಶುಲ್ಕವಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಬರೆಸಿದವನ ಸಹಿ, ಇಬ್ಬರು ಸಾಕ್ಷಿದಾರರ ಸಹಿ ಸಾಕು. ಪ್ರೊಬೇಟ್ (ಮೃತ್ಯುಪತ್ರಕ್ಕೆ ಕೋರ್ಟಿನ ದೃಢೀಕರಣ) ದೃಶ್ಯ ಕಿತ್ತುಹಾಕಿ, ಹಾವೇರಿಯ ಜಮೀನಿಗೆ ಅದನ್ನು ಯಾರೂ ಕೇಳುವುದಿಲ್ಲ.

ಸುಳಿವಿನ ವಿಷಯ. "ಹಾವೇರಿ ಜಿಲ್ಲೆ" ತೀರಾ ದಪ್ಪ. ಶಾಲೆಯ ಜಿಕೆ ಪ್ರಶ್ನೆ ಅದು. ಖೋಟಾ ಮಾಡುವವನು ಆ ಕಡೆಯವನೇ, "ಧಾರವಾಡ ಜಿಲ್ಲೆ" ಎಂದು ಬರೆಯುವಷ್ಟು ಎಚ್ಚರ ಅವನಿಗಿರುತ್ತದೆ. ಅವನು ಎಡವುವುದು ಚಕ್ಕುಬಂದಿಯಲ್ಲಿ, ಅಂದರೆ ಹೊಲದ ನಾಲ್ಕು ಗಡಿಗಳ ವಿವರದಲ್ಲಿ. 2004ರಲ್ಲಿ ಕೂತು ಬರೆಸುವಾಗ ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾರದು ಎಂದರೆ ಕಣ್ಣೆದುರಿಗೆ ಇದ್ದವರ ಹೆಸರೇ ಬಾಯಿಗೆ ಬರುತ್ತದೆ. ಉತ್ತರಕ್ಕಿರುವ ಹೊಲವನ್ನು ಈಗಿನ ಮಾಲೀಕ 2002ರಲ್ಲಿ ಕೊಂಡದ್ದಾದರೆ 1995ರ ಪತ್ರದಲ್ಲಿ ಅವನ ಹೆಸರು ಹೇಗೆ ಬಂತು? ಇನ್ನೂ ಸಣ್ಣ ಸುಳಿವು ಬೇಕೆಂದರೆ ಹಿಸ್ಸಾ ಸಂಖ್ಯೆ. 1995ರಲ್ಲಿ ಸರ್ವೆ ನಂ. 112 ಅಷ್ಟೇ, 2001ರಲ್ಲಿ ಪೋಡಿಯಾಗಿ (ಅಳತೆ ಮಾಡಿ ತುಂಡಾಗಿ) 112/2 ಆಯಿತು. ಪತ್ರದಲ್ಲಿ 112/2 ಎಂದಿದೆ. ಎಂಥ ಜಾಣನೂ ಇದನ್ನು ಮರೆಯುತ್ತಾನೆ, ಅವನ ಮುಂದಿದ್ದದ್ದು ಹೊಸ ಉತಾರ.

ಸುಮಾ ಇದನ್ನು ಕಂಡುಹಿಡಿಯುವ ದಾರಿಯೂ ನಿಜವಾಗಿಯೇ ಇದೆ. ಪಕ್ಕದ ಸರ್ವೆ ನಂಬರಿನ ಇಸಿ (ಋಣಭಾರ ಪ್ರಮಾಣಪತ್ರ, ಆ ಜಮೀನಿನ ನೋಂದಾಯಿತ ವ್ಯವಹಾರಗಳ ಪಟ್ಟಿ) ತೆಗೆಸಬೇಕು. ಆನ್‌ಲೈನ್‌ನಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ, 2002ರ ಕ್ರಯಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಿ ಅರ್ಜಿ ಕೊಡಬೇಕು. ಈ ಮೊಬೈಲ್‌ನಲ್ಲಿ ಸಿಗದ ಎರಡು ವರ್ಷದ ಕಂದಕವೇ ನಿಮಗೊಂದು ಅಧ್ಯಾಯ.

ಹಸ್ತಪ್ರತಿ_03:

ಚಕ್ಕುಬಂದಿ ಹೊಳೆದೇ ಇರಲಿಲ್ಲ, ತೆಗೆದುಕೊಂಡೆ. ಒಂದು ಅನುಮಾನ: ಅಪ್ಪನದೇ ಒಂದು ನಿಜವಾದ ಮೃತ್ಯುಪತ್ರ ಕೊನೆಯಲ್ಲಿ ಸಿಕ್ಕರೆ? ಇಬ್ಬರು ಹೆಣ್ಣುಮಕ್ಕಳಿಗೂ ಸಮ ಬರೆದಿದ್ದ ಎಂದು?

ಕಡತದಹುಳು:

ದಾರಿ ಇದೆ. ನೋಂದಣಿ ಕಾಯ್ದೆಯ 42ನೇ ಕಲಮಿನಂತೆ ಮೃತ್ಯುಪತ್ರವನ್ನು ಲಕೋಟೆಯಲ್ಲಿಟ್ಟು, ಮೊಹರು ಮಾಡಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡಬಹುದು. ಸತ್ತ ಮೇಲೆ ಅರ್ಜಿ ಕೊಟ್ಟವರ ಎದುರಲ್ಲೇ ಒಡೆದು 3ನೇ ನಂಬರಿನ ಪುಸ್ತಕದಲ್ಲಿ ನಕಲು ಮಾಡುತ್ತಾರೆ. ಆ ಪುಸ್ತಕಕ್ಕೊಂದು ಚಂದದ ನಿಯಮ: ಬರೆಸಿದವನು ಬದುಕಿರುವವರೆಗೆ ನಕಲು ಅವನಿಗೆ ಅಥವಾ ಅವನ ಏಜೆಂಟನಿಗೆ ಮಾತ್ರ, ಸತ್ತ ಮೇಲೆ ಅರ್ಜಿ ಕೊಟ್ಟ ಯಾರಿಗಾದರೂ. ಇಸಿಯಲ್ಲಿ ಮೃತ್ಯುಪತ್ರ ಕಾಣಿಸುವುದಿಲ್ಲ, ಆದ್ದರಿಂದ ಇಸಿ ತೆಗೆಸಿ "ಏನೂ ಇಲ್ಲ" ಎಂದು ಸುಮ್ಮನಾಗುವ ಪಾತ್ರಗಳು ನಂಬುವಂತೆಯೇ ಇರುತ್ತವೆ.

ಆದರೆ ಹಳ್ಳ ನೋಡಿಕೊಂಡು ಹೆಜ್ಜೆಯಿಡಿ. ಅಪ್ಪ ನಿಜವಾಗಿ ಬರೆದಿಟ್ಟಿದ್ದ ಎಂದಾದರೆ ಗಿರಿಜಾಳ ಪಾಲು ಮೃತ್ಯುಪತ್ರದಿಂದ ಬಂದದ್ದಾಯಿತು, ವಾರಸಿನಿಂದಲ್ಲ. ಆಗ ಅವಳ 3 ಎಕರೆ ಗಂಡನಿಗೇ ಹೋಗುತ್ತದೆ. ಅಪ್ಪನ ಪ್ರೀತಿಯೇ ಕೊಲೆಗಾರನಿಗೆ ಜಮೀನು ಕೊಡುತ್ತದೆ. ಅವನನ್ನು ತಡೆಯಲು ಉಳಿಯುವುದು ಉತ್ತರಾಧಿಕಾರ ಕಾಯ್ದೆಯ 25ನೇ ಕಲಮು ಒಂದೇ, ಕೊಂದವನು ಸತ್ತವರ ಆಸ್ತಿಗೆ ವಾರಸುದಾರನಾಗಲಾರ ಎಂಬುದು. ಅದಕ್ಕೆ ಕೊಲೆ ಸಾಬೀತಾಗಬೇಕು. ನಿಮ್ಮ ಸಾಕ್ಷ್ಯ ಅಷ್ಟು ಬಲವಾಗಿಲ್ಲ. ನಾನಾಗಿದ್ದರೆ ಈ ಲಕೋಟೆ ಇಡುತ್ತಿರಲಿಲ್ಲ.

ಮೂಳೆಮಾತು:

ಹೆಣದ ಕಡೆ ಬರುತ್ತೇನೆ. ಮದುವೆಯಾಗಿ 7 ವರ್ಷದೊಳಗೆ ಸತ್ತ ಹೆಂಗಸು, ಲೆಕ್ಕಕ್ಕೆ 6 ವರ್ಷ 3 ತಿಂಗಳು. ಹಾಗಿದ್ದರೆ ಶವ ಪಂಚನಾಮೆ ಪಿಎಸ್ಐ ಕೆಲಸವಲ್ಲ, ತಾಲ್ಲೂಕು ದಂಡಾಧಿಕಾರಿಯಾಗಿ ತಹಶೀಲ್ದಾರರೇ ಬರಬೇಕು. ನೀವು ಹೆಡ್ ಕಾನ್‌ಸ್ಟೇಬಲ್ ಕೈಯಲ್ಲಿ ಬರೆಸಿದ್ದೀರಿ. ತಹಶೀಲ್ದಾರರು ತವರಿನವರ ಹೇಳಿಕೆ ತಪ್ಪದೆ ಪಡೆಯುತ್ತಾರೆ. ಅಲ್ಲೇ ನಿಮ್ಮ ಕಾದಂಬರಿಯ ಎದೆಯಿದೆ: ಸತ್ತವಳ ತಾಯಿ, ಆರೋಪಿಯಾಗಬೇಕಾದವನ ಅಕ್ಕ, ಇಬ್ಬರೂ ಒಬ್ಬಳೇ. "ಸಾವಿನ ಬಗ್ಗೆ ಯಾರ ಮೇಲೂ ಸಂಶಯವಿಲ್ಲ" ಎಂಬ ಒಂದು ಸಾಲಿನ ಕೆಳಗೆ ಅವಳ ಸಹಿ. ಇಂಥ ಕಡತಗಳಲ್ಲಿ ಸವೆದುಹೋದ ಸಾಲು ಅದು, ಓದುಗ ಮೊದಲ ಸಲ ಕಣ್ಣಾಡಿಸಿ ಮುಂದೆ ಹೋಗುತ್ತಾನೆ.

ಶವಪರೀಕ್ಷೆ ವರದಿಯಲ್ಲಿ "ವೈದ್ಯರು ಲಂಚ ತಿಂದರು" ಎಂಬ ದಾರಿ ಬಿಡಿ. ಅವಸರದಲ್ಲಿ ಬರೆದ ಪ್ರಾಮಾಣಿಕ ವರದಿಯೇ ಸಾಕು. ಕಂಡದ್ದನ್ನು ಸರಿಯಾಗಿ ಬರೆದು ಕೊನೆಯ ಅಭಿಪ್ರಾಯ ಮಾತ್ರ ಅಭ್ಯಾಸಬಲದಿಂದ "ನೀರಿನಲ್ಲಿ ಮುಳುಗಿ ಉಸಿರುಗಟ್ಟಿ" ಎಂದು ಹಾಕಿರಲಿ. ಮುಳುಗಿ ಸತ್ತವರ ಮೂಗು ಬಾಯಲ್ಲಿ ನುಣ್ಣನೆಯ ಬಿಳಿ ನೊರೆ, ಉಬ್ಬಿದ ಶ್ವಾಸಕೋಶ, ಕೆಲವೊಮ್ಮೆ ಮುಷ್ಟಿಯಲ್ಲಿ ಹುಲ್ಲು, ಕೆಸರು ಕಾಣುತ್ತವೆ. ಇವಳ ವರದಿಯಲ್ಲಿ ಆ ಜಾಗಗಳಲ್ಲೆಲ್ಲ "ಇಲ್ಲ".

ಅದಕ್ಕಿಂತ ಒಳ್ಳೆಯ ಸುಳಿವು ರಕ್ತ ಇಳಿದ ಗುರುತು. ಸತ್ತ ಮೇಲೆ ರಕ್ತ ಕೆಳಮುಖವಾಗಿ ಇಳಿದು ಚರ್ಮ ನೇರಳೆಗಟ್ಟುತ್ತದೆ, ಸುಮಾರು 6ರಿಂದ 12 ಗಂಟೆಯಲ್ಲಿ ಅಲ್ಲೇ ನೆಲೆ ನಿಲ್ಲುತ್ತದೆ. ನೀರಿನಲ್ಲಿ ಹೆಣ ಸಾಮಾನ್ಯವಾಗಿ ಮುಖ ಕೆಳಗಾಗಿ, ಕೈಕಾಲು ಇಳಿಬಿದ್ದು ತೇಲುತ್ತದೆ, ಹಾಗಾಗಿ ಗುರುತು ಮುಖ, ಎದೆಯ ಮೇಲ್ಭಾಗ, ಕೈಕಾಲಿನ ತುದಿಯಲ್ಲಿರಬೇಕು. ಬೆನ್ನಿನ ಮೇಲೆ, ನೆಲೆ ನಿಂತು ಇದ್ದರೆ ಅವಳು ಬಾವಿಗೆ ಬೀಳುವ ಮೊದಲು ಗಂಟೆಗಟ್ಟಲೆ ಅಂಗಾತ ಮಲಗಿದ್ದಳು ಎಂದರ್ಥ. ಪಂಚನಾಮೆಯ ನಮೂನೆಯಲ್ಲಿ "ಬೆನ್ನು, ಪೃಷ್ಠದ ಮೇಲೆ ನೀಲಿಗಟ್ಟಿದೆ, ಒತ್ತಿದರೆ ಮಾಯವಾಗುವುದಿಲ್ಲ" ಎಂಬ ಒಂದೇ ಸಾಲು ಸಾಕು.

ಇಲ್ಲಿ ಗಂಟೆಗಳನ್ನು ಬಿಗಿಯಾಗಿ ಕಟ್ಟಿ. ಹೆಣವನ್ನು ಬೆಳಿಗ್ಗೆ 7ಕ್ಕೆ ಎತ್ತಿ, ದಂಡೆಯ ಮೇಲೆ ಅಂಗಾತ ಮಲಗಿಸಿ, ಮಧ್ಯಾಹ್ನ 4ಕ್ಕೆ ನೋಡಿದರೆ "ದಂಡೆಯ ಮೇಲೆ ಮಲಗಿಸಿದ್ದರಿಂದಲೇ ಬಂತು" ಎಂದು ಆರೋಪಿಯ ವಕೀಲ ಹೇಳಿ ಗೆಲ್ಲುತ್ತಾನೆ. ಪಂಚನಾಮೆ 8ಕ್ಕೇ ಆಗಿ, ಗುರುತು ಅಷ್ಟರಲ್ಲೇ ನೆಲೆ ನಿಂತಿರಬೇಕು.

ವಿಷಪರೀಕ್ಷೆಯನ್ನು ಎಳೆದು ತರುವುದಾದರೆ ಒಂದು ಮಾತು. ಹೊಟ್ಟೆ, ಸಣ್ಣಕರುಳಿನ ಭಾಗ, ಪಿತ್ತಜನಕಾಂಗ, ಮೂತ್ರಪಿಂಡಗಳನ್ನು ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯಕ್ಕೆ) ಕಳಿಸುವುದು ಉಪ್ಪು ಇನ್ನು ಕರಗದಷ್ಟು ಹಾಕಿದ ನೀರಿನಲ್ಲಿ. ನಿಮ್ಮ 11ನೇ ಅಧ್ಯಾಯದಲ್ಲಿ ಫಾರ್ಮಲಿನ್ ಎಂದಿದೆ. ಫಾರ್ಮಲಿನ್‌ನಲ್ಲಿಟ್ಟರೆ ವಿಷ ತೆಗೆಯುವುದೇ ಕಷ್ಟ. ಮುಳುಗಿದ್ದನ್ನು ತಿಳಿಯುವ ಡಯಾಟಮ್ (ನೀರಿನಲ್ಲಿರುವ ಸೂಕ್ಷ್ಮ ಪಾಚಿ) ಪರೀಕ್ಷೆಗೆ ಮೂಳೆಮಜ್ಜೆಯ ಜೊತೆ ಅದೇ ಬಾವಿಯ ನೀರಿನ ಮಾದರಿ ಬೇಕು. ನೀರು ತೆಗೆದುಕೊಳ್ಳದಿದ್ದರೆ ಹೋಲಿಸಲು ಏನೂ ಇಲ್ಲ.

22 ವರ್ಷದ ಮೇಲೆ ಏನು ಉಳಿದಿರುತ್ತದೆ? ಲಿಂಗಾಯತರಲ್ಲಿ ಹೂಳುವ ಪದ್ಧತಿ, ಬಹಳ ಕಡೆ ಕೂತ ಭಂಗಿಯಲ್ಲಿ, ಇಷ್ಟಲಿಂಗದ ಸಮೇತ. ಹಾಗಾಗಿ ಸಮಾಧಿ ತೆಗೆಸುವ ಅವಕಾಶ ನಿಮಗಿದೆ, ಸುಡುವ ಮನೆತನವಾಗಿದ್ದರೆ ಇರುತ್ತಿರಲಿಲ್ಲ. ಕೂತು ಹೂತ ದೇಹ ಕೊಳೆತಂತೆ ಕುಸಿಯುತ್ತದೆ, ತಲೆಬುರುಡೆ ಸೊಂಟದ ಮೂಳೆಗಳ ನಡುವೆ ಸಿಕ್ಕರೂ ಅಚ್ಚರಿಯಿಲ್ಲ. ಈ ದೃಶ್ಯವನ್ನು ಚಿತ್ರಗಳಲ್ಲಿ ಕಂಡಂತೆ ಉದ್ದಕ್ಕೆ ಮಲಗಿದ ಅಸ್ಥಿಪಂಜರ ಮಾಡಬೇಡಿ. ಕೀಟನಾಶಕದ ಕುರುಹು ಸಿಗುವುದು ಕಷ್ಟ. ಆರ್ಸೆನಿಕ್‌ನಂಥ ಲೋಹವಾದರೆ ಸಿಗಬಹುದು, ಆದರೆ ಅದಕ್ಕೆ ಸಮಾಧಿಯ ಮೇಲಿನ, ಕೆಳಗಿನ, ಪಕ್ಕದ ಮಣ್ಣನ್ನೂ ದೂರದ ಮಣ್ಣನ್ನೂ ಬೇರೆಬೇರೆ ತೆಗೆಯಬೇಕು, ಇಲ್ಲದಿದ್ದರೆ ಮಣ್ಣಿನಿಂದ ಬಂದದ್ದೆನ್ನುತ್ತಾರೆ. ಕತ್ತು ಹಿಸುಕಿದ್ದಕ್ಕೆ ಗಂಟಲಿನ ಹೈಯಾಯ್ಡ್ ಮೂಳೆ ಮುರಿದಿರಬೇಕು ಎಂಬ ನಂಬಿಕೆ ಎಲ್ಲ ಕಾದಂಬರಿಗಳಲ್ಲೂ ಇದೆ. 24 ವರ್ಷದವಳಲ್ಲಿ ಅದು ಬಳುಕುತ್ತದೆ, ಹಿಸುಕಿದರೂ ಮುರಿಯದೇ ಇರುವುದೇ ಹೆಚ್ಚು. ತಲೆಬುರುಡೆಯ ಬಿರುಕು ಉಳಿಯುತ್ತದೆ. ಟೋಪಿಯ ಅಂಚು ಕೂರುವ ಗೆರೆಗಿಂತ ಮೇಲಿದ್ದರೆ ಏಟು, ಗೆರೆಯ ಮಟ್ಟದಲ್ಲಿ ಅಥವಾ ಕೆಳಗಿದ್ದರೆ ಬೀಳು ಎಂಬುದು ಒಂದು ಅಂದಾಜು ಮಾತ್ರ, ಕಲ್ಲುಕಟ್ಟಡದ ಬಾವಿಯಲ್ಲಿ ಅಂತೂ ವಕೀಲರಿಗೆ ಹಬ್ಬ.

ಡಿಎನ್‌ಎ ತಿರುವು ಇಡುವ ಆಸೆಯಿದ್ದರೆ ಎಚ್ಚರ. ಹಳೆಯ ಮೂಳೆ, ಕೂದಲಿನಿಂದ ಹೆಚ್ಚಾಗಿ ಸಿಗುವುದು ಮೈಟೊಕಾಂಡ್ರಿಯದ ಡಿಎನ್‌ಎ, ಅದು ತಾಯಿಯ ಕಡೆಯಿಂದ ಬರುವಂಥದ್ದು. ಗಿರಿಜಾ, ಸುಮಾ, ಅವ್ವ, ಅವ್ವನ ತಮ್ಮ, ನಾಲ್ವರದೂ ಒಂದೇ! ಕೊಂದವನೂ ಸತ್ತವಳೂ ಈ ಪರೀಕ್ಷೆಯಲ್ಲಿ ಬೇರೆಯಾಗುವುದಿಲ್ಲ. ಸೋದರಮಾವನ ಮದುವೆ ಇಟ್ಟುಕೊಂಡ ಮೇಲೆ ಇದನ್ನು ಬಳಸದೆ ಬಿಡಬಾರದು.

ಕಟಕಟೆ:

ಮೇಲಿನವರು ಹೇಳಿದ್ದಕ್ಕೆ ಒಂದು ಸಣ್ಣ ಸೇರ್ಪಡೆ: ಸಮಾಧಿ ತೆಗೆಯುವುದು ಪೊಲೀಸರ ಇಷ್ಟದಂತೆ ಅಲ್ಲ. ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ಮತ್ತು ಹಾಜರಿ, ವೈದ್ಯರು, ಪಂಚರು, ಜಾಗ ಗುರುತಿಸುವ ಸಂಬಂಧಿ, ವಿಡಿಯೊ. ಬೆಳಗಿನ ಹೊತ್ತಿಗೇ ಶುರು. ರಾತ್ರಿ ಮಳೆಯಲ್ಲಿ ಲಾಟೀನು ಹಿಡಿದು ಅಗೆಯುವ ನಿಮ್ಮ 27ನೇ ಅಧ್ಯಾಯ ಹೋಗಬೇಕು, ಬೇಜಾರಾದರೂ.

ಕೇಸು ತೆರೆಯುವುದು ಕಷ್ಟವಲ್ಲ. ಕೊಲೆಗೆ ಕಾಲಮಿತಿಯಿಲ್ಲ. 2003ರಲ್ಲಿ ಆದದ್ದು ಯುಡಿಆರ್ ಮಾತ್ರ, ಎಫ್‌ಐಆರ್ ಆಗಿರಲಿಲ್ಲ, ಹಾಗಾಗಿ "ಬಿ ರಿಪೋರ್ಟ್" (ಪೊಲೀಸರು ಕೇಸು ಮುಚ್ಚುವ ವರದಿ), ಅದಕ್ಕೆ ತಕರಾರು ಅರ್ಜಿ ಇವೆಲ್ಲ ಬೇಡ, ಹೊಸ ಎಫ್‌ಐಆರ್ ಸಾಕು. 2025ರಲ್ಲಿ ದಾಖಲಾದರೂ ಕಲಮು ಐಪಿಸಿ 302 (ಕೊಲೆ), 201 (ಸಾಕ್ಷ್ಯ ನಾಶ). ಕೃತ್ಯ, ಐಪಿಸಿ ಬದಲಿಗೆ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಜಾರಿಗೆ ಬಂದ 2024ರ ಜುಲೈ 1ಕ್ಕಿಂತ ಹಿಂದಿನದು. ತನಿಖೆಯ ಕ್ರಮ ಮಾತ್ರ ಹೊಸ ನಾಗರಿಕ ಸುರಕ್ಷಾ ಸಂಹಿತೆಯಂತೆ. ನಿಮ್ಮ ಪಿಎಸ್ಐ "ಬಿಎನ್‌ಎಸ್ 103 ಹಾಕ್ತೀನಿ" ಅನ್ನುವುದು ತಪ್ಪು. ಹಳೆಯ ರೈಟರ್ ಒಬ್ಬ ಅವನನ್ನು ತಿದ್ದುವಂತೆ ಮಾಡಿ, ಠಾಣೆಗೆ ಜೀವ ಬರುತ್ತದೆ.

ಠಾಣೆಯಲ್ಲಿ ಮಾಮಾ ಒಪ್ಪಿಕೊಳ್ಳುವ ದೃಶ್ಯಕ್ಕೆ ಕೋರ್ಟಿನಲ್ಲಿ ಬೆಲೆಯಿಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ. ಮಂಪರು ಪರೀಕ್ಷೆಯನ್ನು ಒತ್ತಾಯದಿಂದ ಮಾಡುವಂತಿಲ್ಲ, 2010ರಲ್ಲಿ ಸುಪ್ರೀಂ ಕೋರ್ಟ್ ಸೆಲ್ವಿ ಪ್ರಕರಣದಲ್ಲಿ ಹೇಳಿದೆ. ಆ ಪ್ರಕರಣದ ಎದುರುದಾರ ಕರ್ನಾಟಕ ಸರ್ಕಾರವೇ.

ಈಗ ಅವ್ವನ ಪತ್ರ. ಕರಡಿನಲ್ಲಿ ಅವಳು ಬರೆಯುವುದು ಇಷ್ಟು: "ನಿಮ್ಮ ಮಾಮಾ ಗಿರಿಜಾನ್ನ ಹೊಡೆದದ್ದನ್ನ ನಾ ಕಣ್ಣಾರೆ ಕಂಡೆ." ಇದು ಒಳಗೆ ಬರುವುದಿಲ್ಲ. ಮರಣ ಹೇಳಿಕೆ ಎನ್ನುವುದು ಹೇಳಿದವರದೇ ಸಾವಿನ ಕಾರಣದ ಬಗ್ಗೆ ಇರಬೇಕು. ಇನ್ನೊಬ್ಬರ ಸಾವಿನ ಬಗ್ಗೆ, ಪಾಟೀಸವಾಲಿಗೆ ಸಿಗದವಳೊಬ್ಬಳ ಹೇಳಿಕೆ ಕೇಳಿದ ಮಾತಿಗೆ ಸಮ. ನ್ಯಾಯಾಧೀಶರು ಎರಡು ನಿಮಿಷದಲ್ಲಿ ಪಕ್ಕಕ್ಕಿಡುತ್ತಾರೆ.

ಆದರೆ ಒಂದು ಕಿಟಕಿ ಇದೆ. ಸತ್ತವರ ಹೇಳಿಕೆ ಅವರನ್ನೇ ಕ್ರಿಮಿನಲ್ ಮೊಕದ್ದಮೆಗೆ ಗುರಿಮಾಡುವಂಥದ್ದಾದರೆ ಅದಕ್ಕೆ ಪ್ರವೇಶವುಂಟು. ಹಳೆಯ ಸಾಕ್ಷ್ಯ ಕಾಯ್ದೆಯ 32(3), ಈಗ ಸಾಕ್ಷ್ಯ ಅಧಿನಿಯಮದ 26ನೇ ಕಲಮು. ಹಾಗಾಗಿ ಅವ್ವ ತಮ್ಮನ ಬಗ್ಗೆ ಬರೆಯದೆ ತನ್ನ ಬಗ್ಗೆ ಬರೆಯಲಿ: "ರಕ್ತದ ಸೀರೆ ನಾನೇ ಬಚ್ಚಲ ಒಲಿಗೆ ಹಾಕಿದೆ. ಸಾಹೇಬರ ಮುಂದ ಸಂಶಯಿಲ್ಲ ಅಂತ ಸುಳ್ಳು ಹೇಳಿದೆ. ತಲಾಟಿ ಹತ್ರ ಮೃತ್ಯುಪತ್ರ ಖರೆ ಅಂತ ಜಬಾಬು ಕೊಟ್ಟೆ." ಸಾಕ್ಷ್ಯ ನಾಶ ಅವಳದೇ ಅಪರಾಧ, ಅದು ಒಳಗೆ ಬರುತ್ತದೆ. ಮಗಳಿಗೆ ನ್ಯಾಯ ಸಿಗಬೇಕಾದರೆ ತಾಯಿ ತಮ್ಮನನ್ನು ದೂರಿದರೆ ಸಾಲದು, ತಾನೇ ಅಪರಾಧಿಯೆಂದು ಬರೆಯಬೇಕು. ಇದಕ್ಕಿಂತ ಒಳ್ಳೆಯ ಕ್ಲೈಮ್ಯಾಕ್ಸ್ ನಿಮ್ಮ ಭಾಷಣದಲ್ಲಿಲ್ಲ.

ಅಕ್ಷರ ಅವಳದೇ ಎಂದು ತೋರಿಸಲು ಒಪ್ಪಿಕೊಂಡ ಮಾದರಿ ಬೇಕು. ಬ್ಯಾಂಕಿನ ಖಾತೆ ಫಾರ್ಮಿನಲ್ಲಿ ಸಹಿ ಅಷ್ಟೇ ಇರುತ್ತದೆ. ಸ್ತ್ರೀಶಕ್ತಿ ಸಂಘದ ಠರಾವು ಪುಸ್ತಕವನ್ನು ಅವಳು ಬರೆಯುತ್ತಿದ್ದಳು ಎಂದು ಮಾಡಿದರೆ ಪುಟಗಟ್ಟಲೆ ಕೈಬರಹ ಸಿಗುತ್ತದೆ. ಅರ್ಕಾವತ್ತು ಹಾಕುವ ರೀತಿ, ಒತ್ತಕ್ಷರದ ಬಾಲ, ಇಂಥವು ತಜ್ಞರಿಗೆ ಸಾಕು.

ಇಷ್ಟಾದರೂ ಕೊಲೆಯಲ್ಲಿ ಶಿಕ್ಷೆಯಾಗುತ್ತದೆಂದು ಬರೆದರೆ ನಂಬುವುದು ಕಷ್ಟ. ನೆಲೆ ನಿಂತ ಗುರುತು, ಸುಟ್ಟ ಸೀರೆ, ಬಿರುಕು ಬಿಟ್ಟ ಬುರುಡೆ, ಇವು ಸಂಶಯ ಹುಟ್ಟಿಸುತ್ತವೆ, ಸಂಶಯ ಕಳೆಯುವುದಿಲ್ಲ. ಸಂಶಯದ ಲಾಭ ಅವನಿಗೆ. ಅವನು ಸಿಕ್ಕಿಬೀಳುವುದು ಖೋಟಾದಲ್ಲಿ. ಮೃತ್ಯುಪತ್ರದ ಖೋಟಾಕ್ಕೆ ಐಪಿಸಿ 467, ಜೀವಾವಧಿಯವರೆಗೆ ಶಿಕ್ಷೆ, ಕಾಲಮಿತಿಯಿಲ್ಲ. ಸಿವಿಲ್ ದಾವೆಯಲ್ಲಂತೂ ಪತ್ರ ನಿಜವೆಂದು ತೋರಿಸುವ, ಅದರ ಸುತ್ತಲಿನ ಅನುಮಾನ ಕಳೆಯುವ ಹೊಣೆ ಅದನ್ನು ಮುಂದಿಟ್ಟವನದೇ. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ, 1958ರ ಸುಪ್ರೀಂ ಕೋರ್ಟ್ ತೀರ್ಪು, ಇವತ್ತಿಗೂ ವಕೀಲರು ಅದನ್ನೇ ಎತ್ತುತ್ತಾರೆ. 1995ರ ಮೃತ್ಯುಪತ್ರ 1999ರ ಪೌತಿ ವರ್ದಿ ಕೊಡುವಾಗ ಎಲ್ಲಿತ್ತು ಎಂಬ ಪ್ರಶ್ನೆಗೆ ಮಾಮಾನ ಬಳಿ ಉತ್ತರವಿಲ್ಲ.

ಹಸ್ತಪ್ರತಿ_03:

ದಾವೆಗೆ 12 ವರ್ಷದ ಮಿತಿ ಇದೆಯಲ್ಲವೇ? 2004ಕ್ಕೆ ಖಾತೆ ಬದಲಾಗಿದೆ. ಸುಮಾ ಆಗ 13ರ ಹುಡುಗಿ.

ಕಟಕಟೆ:

ಮೇಲ್ನೋಟಕ್ಕೆ 2016ಕ್ಕೇ ಮುಗಿದಿದೆ. ಅಪ್ರಾಪ್ತೆ ಎಂಬ ರಿಯಾಯಿತಿ 18 ತುಂಬಿದ ಮೇಲೆ ಹೆಚ್ಚೆಂದರೆ 3 ವರ್ಷ, ಅಂದರೆ 2012, ಅದರಿಂದ ಲಾಭವಿಲ್ಲ. ಉಳಿದ ದಾರಿ ಕಾಲಮಿತಿ ಕಾಯ್ದೆಯ 17ನೇ ಕಲಮು: ವಂಚನೆ ನಡೆದಿದ್ದರೆ ಅದು ತಿಳಿದ ದಿನದಿಂದ, ಅಥವಾ ತಕ್ಕ ಎಚ್ಚರ ವಹಿಸಿದ್ದರೆ ತಿಳಿಯಬಹುದಾಗಿದ್ದ ದಿನದಿಂದ ಎಣಿಕೆ. ಪಾಟೀಸವಾಲು ಈ ಎರಡನೇ ಭಾಗದ ಮೇಲೆಯೇ ನಡೆಯುತ್ತದೆ. "ಉತಾರ ಮೊಬೈಲಿನಲ್ಲೇ ಸಿಗುತ್ತದೆ, ಎಂಜಿನಿಯರ್ ಓದಿದವರು, 15 ವರ್ಷ ಒಮ್ಮೆಯೂ ನೋಡಲಿಲ್ಲವೇ?" ಇದಕ್ಕೆ ಸುಮಾಳ ಉತ್ತರ ಮೊದಲೇ ನೆಟ್ಟಿರಬೇಕು. ಪ್ರತಿ ಸುಗ್ಗಿಗೂ ಮಾಮಾ ಅವಳ ಪಾಲೆಂದು ಗೋವಿನಜೋಳದ ದುಡ್ಡು ಖಾತೆಗೆ ಹಾಕುತ್ತಿದ್ದ, ಪಾಸ್‌ಬುಕ್ಕಿನಲ್ಲಿ ಸಾಲುಸಾಲಾಗಿ ಇದೆ. ಪಾಲು ಬರುತ್ತಿರುವಾಗ ಹೆಸರು ಹೋಗಿದೆ ಎಂದು ಯಾರು ಹುಡುಕುತ್ತಾರೆ? ಬಾಯಿ ಮುಚ್ಚಿಸಲು ಕಳಿಸಿದ ಹಣವೇ ಅವಳಿಗೆ ಪಾಲಿತ್ತೆಂಬ ಒಪ್ಪಿಗೆಯಾಗುತ್ತದೆ. ಅವ್ವನಿಗೆ ಬರಬೇಕಾಗಿದ್ದ 3 ಎಕರೆ ಮಾತ್ರ ಜಾರುತ್ತದೆ. ಅವಳಿಗೆ 2004ರಲ್ಲೇ ಗೊತ್ತಿತ್ತು ಎಂದು ಅವಳ ಪತ್ರವೇ ಹೇಳುತ್ತದೆ, ಎದುರು ವಕೀಲ ಅದನ್ನು ಬಿಡುವುದಿಲ್ಲ. ಸುಮಾ ಪತ್ರ ಹಾಜರು ಮಾಡಿದರೆ 3 ಎಕರೆ ಕೈಬಿಡುತ್ತದೆ, ಮಾಡದಿದ್ದರೆ ಅಕ್ಕನ ಕೇಸು. ಅವಳನ್ನು ಒಂದು ರಾತ್ರಿ ಇದರ ಮೇಲೆ ಕೂರಿಸಿ.

ಎರಡನೇಓದು:

ಕಾನೂನು ಸಾಕು, ಓದುಗನ ಕಡೆಯಿಂದ ನಾಲ್ಕು ಮಾತು.

ಮೃತ್ಯುಪತ್ರದ ಪೂರ್ತಿ ಪಠ್ಯ, ಚಕ್ಕುಬಂದಿ, ಸಾಕ್ಷಿದಾರರು, ಬಿಕ್ಕಲಂ (ಪತ್ರ ಬರೆದುಕೊಟ್ಟವನ ಸಹಿ) ಸಮೇತ, ನಾಲ್ಕನೇ ಅಧ್ಯಾಯದಲ್ಲೇ ಅಚ್ಚಾಗಲಿ. ದಸ್ತಾವೇಜಿನ ಭಾಷೆಯನ್ನು ಯಾರೂ ಓದುವುದಿಲ್ಲ, ಅದೇ ನಿಮಗೆ ಮರೆ. ಆದರೆ ಉತ್ತರದ ಹೊಲದವನನ್ನು ಬೇರೊಂದು ಕಡೆ, ಬೇರೆ ಕಾರಣಕ್ಕೆ, ಮಾತಾಡಿಸಿರಬೇಕು: "ನಾ ಈ ಹೊಲ ಹಿಡದದ್ದು ನಮ್ಮ ಹುಡುಗ ಹುಟ್ಟಿದ ವರ್ಷ" ಅಂದುಬಿಡಲಿ. ಹುಡುಗನ ವಯಸ್ಸು ಇನ್ನೂ 50 ಪುಟದ ನಂತರ, ಪಿಯುಸಿ ಫೇಲಾದ ಸುದ್ದಿಯಲ್ಲೋ ಮದುವೆಯ ಮಾತಿನಲ್ಲೋ ಬರಲಿ. ಮೂರು ತುಂಡನ್ನು ಓದುಗ ತಾನೇ ಜೋಡಿಸಬಹುದಿತ್ತು ಎನ್ನಿಸಬೇಕು. ನಾಯಕಿ ಕೊನೆಯಲ್ಲಿ ಹೊಸ ಕಾಗದ ತೆಗೆದು ತೋರಿಸಿದರೆ ಮೋಸ.

ಸುಮಾ 12ರ ವಯಸ್ಸಿನಲ್ಲಿ ಕಂಡದ್ದೇನು ಎಂಬುದನ್ನು ನೀವು ಕನಸಿನ ಅಧ್ಯಾಯಗಳಲ್ಲಿ ಹೇಳಿದ್ದೀರಿ, ಐದು ಕನಸು. ಒಂದೂ ಬೇಡ. ವಾಸನೆ ಸಾಕು. ಪಾಲಿಯೆಸ್ಟರ್ ಸೀರೆ ಸುಟ್ಟರೆ ಬಟ್ಟೆಯ ವಾಸನೆ ಬರುವುದಿಲ್ಲ, ಪ್ಲಾಸ್ಟಿಕ್ ಕರಗಿದ ಕಮಟು, ಒಲೆಯಲ್ಲಿ ಕರಿ ಗಟ್ಟಿ ಉಂಡೆ. ಅವತ್ತು ಬಚ್ಚಲ ನೀರು ಹೊತ್ತಲ್ಲದ ಹೊತ್ತಿನಲ್ಲಿ ಕಾದಿತ್ತು ಎಂಬುದನ್ನು ಹುಡುಗಿ ನೆನಪಿಟ್ಟಿರುತ್ತಾಳೆ, ಅರ್ಥ ಗೊತ್ತಿರುವುದಿಲ್ಲ.

ಗಿರಿಜಾಳಿಗೆ ಪ್ರತ್ಯೇಕ ಅಧ್ಯಾಯ ಕೊಟ್ಟು ಅವಳಿಂದಲೇ ಕಥೆ ಹೇಳಿಸಿರುವುದು ದೊಡ್ಡ ತಪ್ಪು. ಸತ್ತವಳು ಒಳಮನಸ್ಸಿನಿಂದ ಮಾತಾಡುತ್ತಾ ಕೊಂದವನ ಹೆಸರು ಮಾತ್ರ ಮುಚ್ಚಿಡುವುದು ಲೇಖಕರ ಆಟ ಎಂದು ಗೊತ್ತಾಗಿಬಿಡುತ್ತದೆ. ಅವಳು ಕಾಗದಗಳಲ್ಲಷ್ಟೇ ಇರಲಿ: ಪಂಚನಾಮೆಯ "ಮೃತಳು", ಪೌತಿ ವರ್ದಿಯ "ಹಿರಿಯ ಮಗಳು", ಮೃತ್ಯುಪತ್ರದ "ನನ್ನ ಪ್ರೀತಿಯ ಮಗಳು". ಪ್ರೀತಿಯ ಎಂಬ ಮಾತು ಬಂದಿರುವುದು ಖೋಟಾ ಕಾಗದದಲ್ಲಿ ಮಾತ್ರ. ಅದನ್ನು ಯಾವ ಪಾತ್ರವೂ ಎತ್ತಿ ಹೇಳಬಾರದು.

ಭಾಷೆ. ಸುಮಾ ಬೆಂಗಳೂರಿನ ಕನ್ನಡದಲ್ಲೇ ನಿರೂಪಿಸಲಿ, ಊರಿನವರು "ಮಾಡಾಕತ್ತೀನಿ" ಅನ್ನಲಿ. ಅವಳೂ ಸಿಟ್ಟು ಬಂದಾಗ ಊರ ಮಾತಿಗೆ ಜಾರಲಿ, ಅದೂ ಮಾಮಾನ ಎದುರು ಮಾತ್ರ. ಅವನನ್ನು ಕೊನೆಯವರೆಗೂ "ಮಾಮಾ" ಎಂದೇ ಕರೆಯಬೇಕು, ಕಟಕಟೆಯಲ್ಲೂ. "ಆರೋಪಿ" ಅನ್ನಿ ಎಂದು ಸರ್ಕಾರಿ ವಕೀಲರು ತಿದ್ದಿದರೂ ಬಾಯಿ ತಪ್ಪಲಿ. ಈಗಿನ ಕರಡಿನಲ್ಲಿ ಅವಳು 20ನೇ ಅಧ್ಯಾಯದಿಂದ ಅವನ ಹೆಸರು ಹಿಡಿದು ಏಕವಚನದಲ್ಲಿ ಕರೆಯುತ್ತಾಳೆ, ಅಲ್ಲಿಂದ ಅವನು ಬರೀ ಖಳನಾಯಕ.

ಕಡತದಹುಳು:

ಒಂದು ಬಿಟ್ಟಿತ್ತು. ಸುಮಾಳಿಗೆ ಮೊದಲ ಅನುಮಾನ ಪತ್ರದಿಂದಲೇ ಬರಬೇಕಿಲ್ಲ. ಉತಾರದ 9ನೇ ಕಾಲಂ ಸ್ವಾಧೀನದಾರನ ಹೆಸರು, ಅದನ್ನು ಎಲ್ಲರೂ ನೋಡುತ್ತಾರೆ. 10ನೇ ಕಾಲಂ ಆ ಹಕ್ಕು ಬಂದ ರೀತಿ. ಅವ್ವನ ದಿನಕರ್ಮ ಮುಗಿಸಿ ಪೌತಿ ಮಾಡಿಸಲು ಹೋದಾಗ ಅಲ್ಲಿ "ಪೌತಿ" ಇರಬೇಕಾದ ಕಡೆ "ಮೃತ್ಯುಪತ್ರ" ಎಂದು, ಪಕ್ಕದಲ್ಲಿ 2004ರ ಎಂ.ಆರ್. (ಖಾತೆ ಬದಲಾವಣೆ ದಾಖಲೆಯ) ಸಂಖ್ಯೆ. ಕಚೇರಿಯ ಹುಡುಗ ಪ್ರಿಂಟ್ ಕೊಟ್ಟು ಮುಂದಿನವರ ಟೋಕನ್ ಕೂಗುತ್ತಾನೆ. ಮೂರನೇ ಅಧ್ಯಾಯ ಅಲ್ಲಿಗೇ ನಿಲ್ಲಲಿ.